ಸಹಿ ಹಾಕಿದ ಸೊನ್ನೆ

ಆಶ್ಲೇಷಾ ಮಳೆ ಒಂಬತ್ತು ದಿನದಿಂದ ಬಿಡದೆ ಹೊಯ್ಯುತ್ತಿತ್ತು. ಸ್ವರ್ಣವಲ್ಲಿಯ ಕಡೆಯಿಂದ ನಮ್ಮೂರಿಗೆ ಇಳಿಯುವ ದಾರಿಯ ಹಳ್ಳ ಸಂಕವನ್ನು ಮುಟ್ಟಿ ಹರಿಯುತ್ತಿತ್ತು. ಕರೆಂಟು ಹೋಗಿ ಎರಡು ದಿನವಾಗಿತ್ತು, ಒಲೆಯ ಮೇಲಿನ ಅಟ್ಟದಲ್ಲಿ ಒಣಗಲು ಹಾಕಿದ ಬಟ್ಟೆಗಳೆಲ್ಲ ಹೊಗೆಯ ವಾಸನೆ ಹಿಡಿದಿದ್ದವು. ನಮ್ಮ ತೋಟದ ತಲೆಗಟ್ಟಿನ ಮೇಲೆ, ಕಬ್ಬಿಣದ ಕಂಬವೊಂದಕ್ಕೆ ಕೂರಿಸಿದ ಪೆಟ್ಟಿಗೆ ಮಾತ್ರ ತನ್ನ ಸೌರಫಲಕದ ಕೆಳಗೆ ಹಸಿರು ದೀಪ ಮಿಣುಕಿಸುತ್ತ ಕೆಲಸ ಮಾಡುತ್ತಲೇ ಇತ್ತು. ಮಳೆ, ಗಾಳಿಯ ತೇವ, ಎಲೆಯ ಮೇಲಿನ ಪಸೆ, ಮಣ್ಣಿನ ತೇವ ಎಲ್ಲವನ್ನೂ ಅಳೆದು ಮೊಬೈಲಿಗೆ ಕಳಿಸುವ ಪೆಟ್ಟಿಗೆ ಅದು. ಹಿಂದಿನ ವರ್ಷ ಒಂದು ಕಂಪನಿಯವರಿಂದ ಹಾಕಿಸಿಕೊಂಡಿದ್ದೆ. ಗುಡ್ಡ ಹತ್ತಿ ಸಿಗ್ನಲ್ ಸಿಗುವ ಮಾವಿನ ಮರದ ಬುಡದಲ್ಲಿ ನಿಂತು ಮೊಬೈಲ್ ತೆರೆದರೆ, ಅದರಲ್ಲಿ ಅಂದಿನ ಮಳೆ ಸೊನ್ನೆ ಮಿಲಿಮೀಟರ್ ಎಂದಿತ್ತು. ಹಿಂದಿನ ದಿನವೂ ಸೊನ್ನೆ. ಅದರ ಹಿಂದಿನ ದಿನ ನಾಲ್ಕು.

ಕೊಡೆ ಹಿಡಿದು ಪಕ್ಕದಲ್ಲಿ ನಿಂತಿದ್ದ ದೊಡ್ಡಪ್ಪ ಪರದೆಯನ್ನು ಇಣುಕಿ ನೋಡಿ, ‘ಮಳೆ ಹೊಡೀತಾ ಇದ್ದು, ನಿನ್ ಪೆಟ್ಟಿಗೆ ಸೊನ್ನೆ ಹೇಳ್ತು’ ಎಂದರು. ನಗಲೂ ಇಲ್ಲ.

ನನಗೆ ನಾಚಿಕೆಯಾದದ್ದಕ್ಕೆ ಬೇರೆಯದೇ ಕಾರಣವಿತ್ತು. 2005ರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಗ ನಾನು ಕೊಟ್ಟ ಸೆಮಿನಾರು ಇದೇ ವಿಷಯದ್ದು. ನಿಸ್ತಂತು ಸೆನ್ಸರ್ ಜಾಲಗಳ ಭದ್ರತೆ, ಅದರಲ್ಲೂ ಮಿಡ್ಲ್‌ವೇರ್ ಎಂಬ ನಡುವಿನ ತಂತ್ರಾಂಶದ ಮೂಲಕ ಆ ಭದ್ರತೆಯನ್ನು ಕೊಡುವುದು ಹೇಗೆ ಎಂದು ನಲವತ್ತು ಸ್ಲೈಡು ಮಾಡಿಕೊಂಡು ಹೋಗಿದ್ದೆ. ಮುಗಿದ ಮೇಲೆ ಹಿಂದಿನ ಸಾಲಿನಲ್ಲಿದ್ದ ಮೇಷ್ಟ್ರೊಬ್ಬರು, ‘ಇಷ್ಟೆಲ್ಲ ಬೀಗ ಹಾಕಿ ಸಾಗಿಸೋದು ಏನನ್ನ?’ ಎಂದು ಕೇಳಿದರು. ‘ಡೇಟಾ ಸರ್’ ಎಂದಿದ್ದೆ. ಅವರು ತಲೆಯಾಡಿಸಿ ಸುಮ್ಮನಾದರು. ಆ ಪ್ರಶ್ನೆ ನನಗೆ ಅರ್ಥವಾಗಿದ್ದು ಮಾವಿನ ಮರದ ಕೆಳಗೆ, ಹತ್ತಿರಹತ್ತಿರ ಇಪ್ಪತ್ತು ವರ್ಷಗಳ ನಂತರ.

ಮಳೆಯ ಲೆಕ್ಕ ನಮಗೆ ಎಷ್ಟು ಮುಖ್ಯ ಎಂಬುದನ್ನು ಘಟ್ಟದ ಆಚೆಯವರಿಗೆ ಸ್ವಲ್ಪ ವಿವರಿಸಬೇಕು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟಗಳು ಕಣಿವೆಯ ತಳದಲ್ಲಿವೆ. ಬಿಸಿಲು ಕಡಿಮೆ, ತೇವ ಹೆಚ್ಚು. ಮಳೆ ಹಿಡಿದು ಕೂತರೆ ಕೊನೆಯಲ್ಲಿರುವ ಎಳೆಯ ಕಾಯಿಗೆ ಕೊಳೆ ತಗಲುತ್ತದೆ. ಮೊದಲು ಕಾಯಿಯ ತೊಟ್ಟಿನ ಬಳಿ ನೀರಿನಲ್ಲಿ ನೆನೆದಂಥ ಕಲೆ, ಆಮೇಲೆ ಬಿಳಿ ಬೂಸ್ಟು, ಆಮೇಲೆ ಉದುರುವುದು. ಎರಡು ವಾರದಲ್ಲಿ ವರ್ಷದ ಅನ್ನ ಮರದ ಬುಡದಲ್ಲಿ ಕೊಳೆತು ಬಿದ್ದಿರುತ್ತದೆ. ಹಿಂದೆಲ್ಲ ಕೊನೆಗೆ ಕರಡದ ಕೊಟ್ಟೆ ಕಟ್ಟುತ್ತಿದ್ದರು, ಅಂದರೆ ಒಂದೊಂದು ಕೊನೆಗೂ ಒಂದೊಂದು ಹುಲ್ಲಿನ ಕೊಡೆ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ 1910ರಲ್ಲಿ ಈ ಕೊಳೆರೋಗದ ಮೇಲೆ ವರದಿ ಬರೆದು, ಇದರ ಹಿಂದಿರುವ ಫೈಟಾಫ್ತೊರಾ ಜಾತಿಯ ಜೀವಿಯನ್ನು ಗುರುತಿಸಿದರು; ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುವುದನ್ನು ಪ್ರಚಾರಕ್ಕೆ ತಂದರು. ಆಗ ನಾವು ಮುಂಬಯಿ ಪ್ರಾಂತದವರು, ಮೈಸೂರಿನವರಲ್ಲ. ಆದರೆ ಔಷಧಕ್ಕೆ ಗಡಿ ಇರಲಿಲ್ಲ. ಇಂದಿಗೂ ಮಳೆಗಾಲದ ಮುಂಚೆ ಒಂದು ಹೊಡೆತ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು. ಎರಡನೆಯದಕ್ಕೆ ನಾಲ್ಕಾರು ಗಂಟೆಯ ಹೊಳವು ಬೇಕು, ಅದೇ ದಿನ ಕೊನೆಗೌಡನೂ ಸಿಗಬೇಕು. ಹಾಗಾಗಿ ಮಳೆ ಎಷ್ಟು ಬಿತ್ತು, ಎಷ್ಟು ದಿನ ಬಿತ್ತು, ಯಾವಾಗ ಬಿಟ್ಟಿತು ಎಂಬುದು ಇಲ್ಲಿ ಮಾತಿನ ವಿಷಯವಷ್ಟೇ ಅಲ್ಲ, ಖರ್ಚಿನ ವಿಷಯ.

ನನ್ನ ಅಜ್ಜ ಮಳೆಯ ಲೆಕ್ಕವನ್ನು ಪಂಚಾಂಗದ ಅಂಚಿನಲ್ಲಿ ಬರೆಯುತ್ತಿದ್ದ. ಆರಿದ್ರಾ ಸಾಧಾರಣ, ಪುನರ್ವಸು ಜೋರು, ಪುಷ್ಯ ಹೊಳವು. ಅಂಕಿ ಇರುತ್ತಿರಲಿಲ್ಲ. ಆದರೆ ಬರೆದವನು ಯಾರು, ಯಾವ ಜಗಲಿಯಲ್ಲಿ ಕೂತು ನೋಡಿ ಬರೆದ ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಪೆಟ್ಟಿಗೆಯ ವಿಷಯದಲ್ಲಿ ಅಂಕಿ ಇದೆ. ಉಳಿದದ್ದನ್ನು ಹೊಸದಾಗಿ ಕಟ್ಟಿಕೊಳ್ಳಬೇಕು. ಮನುಷ್ಯರಿಲ್ಲದ ಕಡೆ ನಿಂತ ಯಂತ್ರದ ಸಾಕ್ಷಿಯನ್ನು ನಂಬುವುದು ಹೇಗೆ ಎಂಬ ಪ್ರಶ್ನೆಗೆ ಅರ್ಧ ಶತಮಾನಕ್ಕೂ ಹೆಚ್ಚಿನ ಚರಿತ್ರೆಯಿದೆ. ಅದು ಶುರುವಾದದ್ದು ತೋಟದಲ್ಲಲ್ಲ, ಯುದ್ಧದಲ್ಲಿ.

1967ರ ಕೊನೆಗೆ ಅಮೆರಿಕದ ಸೇನೆ ಲಾವೋಸಿನ ಕಾಡಿನಲ್ಲಿ, ಹೋ ಚಿ ಮಿನ್ ಹಾದಿಯ ಉದ್ದಕ್ಕೂ, ವಿಮಾನದಿಂದ ಸೆನ್ಸರುಗಳನ್ನು ಎಸೆಯತೊಡಗಿತು. ಆ ಕಾರ್ಯಾಚರಣೆಯ ಹೆಸರು ಇಗ್ಲೂ ವೈಟ್. ಕೆಲವು ಭರ್ಜಿಯಂತೆ ನೆಲಕ್ಕೆ ನಾಟಿ ಮಣ್ಣಿನ ಕಂಪನ ಕೇಳುತ್ತಿದ್ದವು. ಮೇಲೆ ಕಾಣುವ ಆಂಟೆನಾಕ್ಕೆ ಗಿಡದ ವೇಷ. ಕೆಲವು ಮರದ ಕೊಂಬೆಗೆ ಸಿಕ್ಕಿ ನೇತಾಡುತ್ತ ಸದ್ದು ಆಲಿಸುತ್ತಿದ್ದವು. ಮೇಲೆ ಸುತ್ತುವ ವಿಮಾನ ಅವುಗಳ ಮಾತನ್ನು ಹಿಡಿದು ಥಾಯ್ಲೆಂಡಿನ ನಖೋನ್ ಫನೋಮ್‌ಗೆ ಕಳಿಸುತ್ತಿತ್ತು. ಅಲ್ಲಿ ಐಬಿಎಂ ಕಂಪ್ಯೂಟರುಗಳು ‘ಇಲ್ಲಿ ಲಾರಿ ಸಾಲು ಹೋಗುತ್ತಿದೆ’ ಎಂದು ಲೆಕ್ಕ ಹಾಕುತ್ತಿದ್ದವು. ಆಮೇಲೆ ಬಾಂಬು. 1973ರವರೆಗೆ ಇದು ನಡೆಯಿತು. ಕಾಡಿನಲ್ಲಿದ್ದವರು ಲಾರಿಯ ಸದ್ದನ್ನು ಟೇಪ್ ಮಾಡಿ ಸೆನ್ಸರಿನ ಪಕ್ಕ ಹಾಕುತ್ತಿದ್ದರು, ಮನುಷ್ಯರ ವಾಸನೆ ಹಿಡಿಯುವ ಯಂತ್ರಗಳಿಗಾಗಿ ಮರಕ್ಕೆ ಮೂತ್ರದ ಚೀಲ ಕಟ್ಟುತ್ತಿದ್ದರು, ದನಗಳನ್ನು ಹಾದಿಯ ಮೇಲೆ ಓಡಿಸುತ್ತಿದ್ದರು ಎಂಬ ಕತೆಗಳು ಆ ಯುದ್ಧದ ಬಗ್ಗೆ ಬರೆದವರೆಲ್ಲರ ಬಳಿ ಇವೆ. ಎಷ್ಟು ಸತ್ಯ, ಎಷ್ಟು ಬಣ್ಣ ಎಂಬುದು ಬೇರೆ ಮಾತು. ಗಮನಿಸಬೇಕಾದ್ದು ಒಂದು. ಆ ಸೆನ್ಸರನ್ನು ಮೋಸಗೊಳಿಸಲು ರೇಡಿಯೋ ಸಂಕೇತವನ್ನು ಒಡೆಯಬೇಕಿರಲಿಲ್ಲ. ಅದರ ಕಿವಿಯ ಬಳಿ ಒಂದು ಸುಳ್ಳು ಹೇಳಿದರೆ ಸಾಕಿತ್ತು. ಉಳಿದ ದಾರಿಯುದ್ದಕ್ಕೂ ಸೇನೆಯೇ ಆ ಸುಳ್ಳನ್ನು ಜೋಪಾನವಾಗಿ ಹೊತ್ತು ತಲುಪಿಸುತ್ತಿತ್ತು.

ಇನ್ನೊಂದು ಕಾಕತಾಳೀಯ. 1968ರ ಅಕ್ಟೋಬರಿನಲ್ಲಿ ಜರ್ಮನಿಯ ಗಾರ್ಮಿಷ್‌ನಲ್ಲಿ ನೇಟೋ ಆಶ್ರಯದಲ್ಲಿ ತಂತ್ರಾಂಶ ತಜ್ಞರ ಸಮ್ಮೇಳನವೊಂದು ನಡೆಯಿತು. ಅದರ ವರದಿಯಲ್ಲಿ ಅಲೆಕ್ಸಾಂಡರ್ ಡಿ’ಅಗಾಪೆಯೆಫ್ ಎಂಬವರ ಮಾತಿನಲ್ಲಿ ‘ಮಿಡ್ಲ್‌ವೇರ್’ ಎಂಬ ಶಬ್ದ ಬರುತ್ತದೆ. ಯಂತ್ರಕ್ಕೆ ಅಂಟಿದ ತಂತ್ರಾಂಶ ಕೆಳಗೆ, ಬಳಸುವವನ ತಂತ್ರಾಂಶ ಮೇಲೆ, ಇವೆರಡನ್ನೂ ಹೊಂದಿಸುವುದು ನಡುವೆ. ಕಾಡಿನ ಸೆನ್ಸರೂ ಗಾರ್ಮಿಷ್‌ನ ಶಬ್ದವೂ ಒಂದನ್ನೊಂದು ಭೇಟಿಯಾಗಲು ಇನ್ನೂ ಮೂವತ್ತು ವರ್ಷ ಬೇಕಾಯಿತು.

ನಡುವಿನವನು ಎಂದರೆ ಏನೆಂದು ನಮ್ಮ ಕಡೆಯವರಿಗೆ ಹೇಳಿಕೊಡಬೇಕಿಲ್ಲ. ಅಡಿಕೆ ಬೆಳೆದವನು ಕೊಪ್ಪದಲ್ಲಿರುತ್ತಾನೆ, ಕೊಳ್ಳುವವನು ದೂರದ ಊರಿನಲ್ಲಿ. ಇಬ್ಬರ ನಡುವೆ ದಲಾಲ. ತೂಕ ಅವನದು, ದರ ಅವನದು, ಸಾಲ ಕೊಟ್ಟವನೂ ಅವನೇ. ಆ ನಡುವಿನ ಜಾಗವನ್ನು ಬೆಳೆಗಾರರೇ ಕೈಗೆ ತೆಗೆದುಕೊಳ್ಳಬೇಕೆಂದು 1923ರಲ್ಲಿ ಶಿರಸಿಯಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘ ಹುಟ್ಟಿತು. ಟಿಎಸ್‌ಎಸ್ ಎಂದರೆ ಇಲ್ಲಿ ಮಕ್ಕಳಿಗೂ ಗೊತ್ತು. ಸಂಘ ನಡುವಿನವನನ್ನು ಇಲ್ಲವಾಗಿಸಲಿಲ್ಲ. ನಂಬಬಹುದಾದ ನಡುವಿನವನನ್ನು ಮಾಡಿತು. ಚಾಲಿ, ರಾಶಿ, ಬೆಟ್ಟೆ, ಬಿಳಿಗೋಟು ಎಂದು ವಿಂಗಡವಾದ ಮಾಲು ರಾಶಿರಾಶಿಯಾಗಿ ಕೂರುತ್ತದೆ, ವ್ಯಾಪಾರಿಗಳು ಟೆಂಡರ್ ಬರೆಯುತ್ತಾರೆ. ಕೊಳ್ಳುವವನಿಗೆ ಬೆಳೆದವನ ಮನೆ ಗೊತ್ತಿರಬೇಕಿಲ್ಲ, ಬೆಳೆದವನಿಗೆ ಕೊಳ್ಳುವವನ ಊರು ಗೊತ್ತಿರಬೇಕಿಲ್ಲ. ಮಿಡ್ಲ್‌ವೇರ್ ಬಗ್ಗೆ ನಾನು ಓದಿದ ಪಠ್ಯಪುಸ್ತಕಗಳೆಲ್ಲ ಈ ಟೆಂಡರ್ ಅಂಗಳವನ್ನೇ ವರ್ಣಿಸುತ್ತಿದ್ದವು, ಅಡಿಕೆಯ ಬದಲು ಸಂದೇಶ ಎಂದು ಬರೆದು.

ತೊಂಬತ್ತರ ದಶಕದ ಕೊನೆಗೆ ಬರ್ಕ್ಲಿಯಲ್ಲಿ ಕ್ರಿಸ್ ಪಿಸ್ಟರ್ ‘ಸ್ಮಾರ್ಟ್ ಡಸ್ಟ್’ ಎಂಬ ಕನಸನ್ನು ಮುಂದಿಟ್ಟರು. ಧೂಳಿನ ಕಣದಷ್ಟು ಚಿಕ್ಕ ಕಂಪ್ಯೂಟರು, ಅದಕ್ಕೊಂದು ಸೆನ್ಸರು, ಒಂದು ಸಂಪರ್ಕ ಸಾಧನ. ಹಣ ಮತ್ತೆ ಅಮೆರಿಕದ ರಕ್ಷಣಾ ಸಂಶೋಧನೆಯದೇ. ಧೂಳು ಆಗಲಿಲ್ಲ, ಆದದ್ದು ಬೆಂಕಿಪೊಟ್ಟಣದ ಆಸುಪಾಸಿನ ‘ಮೋಟ್’ ಎಂಬ ಹಲಗೆ. ಅದರ ಮೇಲೆ ಓಡಲು 2000ದ ಹೊತ್ತಿಗೆ ಟೈನಿಓಎಸ್ ಬಂತು. 2002ರಲ್ಲಿ ಅಮೆರಿಕದ ಮೇನ್ ಕರಾವಳಿಯ ಗ್ರೇಟ್ ಡಕ್ ದ್ವೀಪದಲ್ಲಿ ಪೆಟ್ರೆಲ್ ಎಂಬ ಕಡಲಹಕ್ಕಿಗಳ ಬಿಲದಲ್ಲಿ ಇಂಥ ಮೋಟ್‌ಗಳನ್ನಿಟ್ಟು, ಮನುಷ್ಯರು ಹೋಗಿ ಗೂಡು ಕದಡದೆ ಬಿಲದ ಒಳಗಿನ ಉಷ್ಣ, ತೇವ ನೋಡಿದರು. ನನ್ನ ಸೆಮಿನಾರಿನ ಮೊದಲ ಚಿತ್ರ ಆ ಹಕ್ಕಿಯದೇ ಆಗಿತ್ತು.

ನಮ್ಮ ಕಾಲದ ಜನಪ್ರಿಯ ಮೋಟ್ ಮೈಕಾ2. ಎರಡು ಪೆನ್ಸಿಲ್ ಸೆಲ್, ಎಂಟು ಬಿಟ್ಟಿನ ಪ್ರೊಸೆಸರ್, ನಾಲ್ಕು ಕಿಲೋಬೈಟ್ ಕೆಲಸದ ನೆನಪು. ಇಂದಿನ ಮೊಬೈಲಿನ ಒಂದು ಫೋಟೋ ಅದರ ನೆನಪಿನ ಸಾವಿರ ಪಟ್ಟಿಗೆ ಹತ್ತಿರ. ಅದಕ್ಕಿಂತ ಮುಂಚಿನದಕ್ಕೆ ಇದ್ದದ್ದು 512 ಬೈಟ್. ಬ್ಯಾಂಕು ಬಳಸುವಂಥ ಸಾರ್ವಜನಿಕ ಬೀಗದ ಗಣಿತ ಅದರ ಹೊಟ್ಟೆಗೆ ಹಿಡಿಸುವುದಿಲ್ಲ, ಹಿಡಿಸಿದರೂ ಬ್ಯಾಟರಿ ಬರಿದಾಗುತ್ತದೆ. ಸಾಲದ್ದಕ್ಕೆ ಈ ಯಂತ್ರ ಬಯಲಲ್ಲಿ ಒಂಟಿಯಾಗಿ ನಿಂತಿರುತ್ತದೆ. ಯಾರು ಬೇಕಾದರೂ ಕಿತ್ತುಕೊಂಡು ಹೋಗಿ ಒಳಗಿನ ಬೀಗದಕೈಯನ್ನು ಓದಬಹುದು.

2001ರಲ್ಲಿ ಏಡ್ರಿಯನ್ ಪೆರಿಗ್ ಮತ್ತು ಸಂಗಡಿಗರು ‘ಸ್ಪಿನ್ಸ್’ ಎಂಬ ವ್ಯವಸ್ಥೆಯಿಂದ ಇಷ್ಟು ಬಡ ಯಂತ್ರದಲ್ಲೂ ಭದ್ರತೆ ಸಾಧ್ಯ ಎಂದು ತೋರಿಸಿದರು. 2004ರಲ್ಲಿ ಕ್ರಿಸ್ ಕಾರ್ಲಾಫ್, ನವೀನ್ ಶಾಸ್ತ್ರಿ, ಡೇವಿಡ್ ವ್ಯಾಗ್ನರ್ ಅವರ ‘ಟೈನಿಸೆಕ್’ ಬಂತು. ನನಗೆ ಅದರ ಜಿಪುಣತನವೇ ಅಚ್ಚುಮೆಚ್ಚು. ಪ್ರತಿ ಸಂದೇಶಕ್ಕೂ ನಾಲ್ಕು ಬೈಟಿನ ಒಂದು ಸಹಿ. ಮೊದಲೇ ಇದ್ದ ತಪ್ಪುಪರೀಕ್ಷೆಯ ಅಂಕಿಗಳನ್ನು ತೆಗೆದು ಆ ಜಾಗದಲ್ಲೇ ಸಹಿ ಕೂರಿಸಿದ್ದರಿಂದ ಸಂದೇಶ ಉದ್ದವಾದದ್ದು ಒಂದೇ ಬೈಟು. ಗುಟ್ಟೂ ಬೇಕೆಂದರೆ ಐದು. ನಾಲ್ಕು ಬೈಟಿನ ಸಹಿ ಬೇರೆಲ್ಲಾದರೂ ನಗೆಪಾಟಲು. ಆದರೆ ಮೋಟ್‌ನ ರೇಡಿಯೋ ಎಷ್ಟು ನಿಧಾನವೆಂದರೆ ಸೆಕೆಂಡಿಗೆ ಸುಮಾರು ನಲವತ್ತು ಕಳ್ಳ ಸಂದೇಶಗಳನ್ನಷ್ಟೇ ತೂರಿಸಬಹುದು. ಆ ವೇಗದಲ್ಲಿ ಒಂದು ಸಹಿಯನ್ನು ಕುರುಡಾಗಿ ಊಹಿಸಲು ಸರಾಸರಿ ಇಪ್ಪತ್ತು ತಿಂಗಳು ಬೇಕು, ಅಷ್ಟರಲ್ಲಿ ಬ್ಯಾಟರಿಯೇ ಸತ್ತಿರುತ್ತದೆ. ಬಡತನವೇ ಕಾವಲು.

ಇನ್ನು ಬೀಗದಕೈ ಹಂಚುವ ಪ್ರಶ್ನೆ. ಎಲ್ಲ ಮೋಟ್‌ಗಳಿಗೂ ಒಂದೇ ಕೀಲಿ ಕೊಟ್ಟರೆ, ಒಂದನ್ನು ಕದ್ದವನಿಗೆ ಇಡೀ ಜಾಲ ಸಿಕ್ಕಿತು. ಪ್ರತಿ ಜೋಡಿಗೂ ಬೇರೆ ಕೀಲಿ ಎಂದರೆ ನೆನಪು ಸಾಲದು. 2002ರಲ್ಲಿ ಲಾರೆಂಟ್ ಎಷೆನೌವರ್ ಮತ್ತು ವರ್ಜಿಲ್ ಗ್ಲಿಗೊರ್ ಚೆಂದದ ಉಪಾಯ ಹೇಳಿದರು. ಕೀಲಿಗಳ ದೊಡ್ಡ ರಾಶಿಯಿಂದ ಪ್ರತಿ ಯಂತ್ರಕ್ಕೂ ಒಂದೊಂದು ಮುಷ್ಟಿ ಕಣ್ಣುಮುಚ್ಚಿ ಹೆಕ್ಕಿ ಕೊಡಿ. ಹತ್ತು ಸಾವಿರದ ರಾಶಿಯಿಂದ ತಲಾ ನೂರು ಹೆಕ್ಕಿದರೂ ಯಾವುದೇ ಎರಡು ಯಂತ್ರಗಳ ಬಳಿ ಒಂದಾದರೂ ಸಮಾನ ಕೀಲಿ ಇರುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು. ಇಲ್ಲದಿದ್ದರೆ ನಡುವಿನ ಮೂರನೆಯವನ ಮೂಲಕ ಪರಿಚಯ. ನಮ್ಮ ಕಡೆಯ ಮದುವೆಮನೆಯಲ್ಲಿ ಕೂತವರಿಗೆ ಇದು ಹೊಸತಲ್ಲ. ಯಲ್ಲಾಪುರದ ಅಪರಿಚಿತನೂ ಸಿದ್ದಾಪುರದ ಅಪರಿಚಿತನೂ ಪಂಕ್ತಿಯಲ್ಲಿ ಪಕ್ಕಪಕ್ಕ ಕೂತರೆ, ಪಾಯಸ ಬರುವುದರೊಳಗೆ ‘ಹಾಗಾದರೆ ನೀವು ನಮ್ಮ ಅತ್ತಿಗೆಯ ಅಣ್ಣನ ಷಡ್ಡಕ’ ಎಂಬಲ್ಲಿಗೆ ಮುಟ್ಟಿರುತ್ತಾರೆ.

ಇಷ್ಟಾದರೂ ಇದೆಲ್ಲ ಒಂದೊಂದು ಬಿಡಿ ಉಪಾಯ. ಹಕ್ಕಿಯ ಬಿಲಕ್ಕೆ ತಂತ್ರಾಂಶ ಬರೆಯುವ ಜೀವಶಾಸ್ತ್ರಜ್ಞ ಕೀಲಿಗಳ ಗಣಿತವನ್ನೂ ಬರೆಯಬೇಕೆ? ಇಲ್ಲಿ ಮಿಡ್ಲ್‌ವೇರ್ ಬಂತು. ಬರ್ಕ್ಲಿಯಲ್ಲಿ ಸ್ಯಾಮ್ಯುಯೆಲ್ ಮ್ಯಾಡನ್ ಮತ್ತಿತರರು ಕಟ್ಟಿದ ಟೈನಿಡಿಬಿ ಇಡೀ ಜಾಲವನ್ನು ಒಂದು ಕೋಷ್ಟಕದಂತೆ ಕಾಣಿಸಿತು. ‘ಉತ್ತರ ದಿಕ್ಕಿನ ಬಿಲಗಳ ಸರಾಸರಿ ಉಷ್ಣ ಎಷ್ಟು’ ಎಂದು ಕೇಳಿದರೆ ಸಾಕು. ಯಾವ ಮೋಟ್ ಎಚ್ಚರವಾಗಬೇಕು, ಯಾವುದು ಯಾವುದರ ಮೂಲಕ ಕಳಿಸಬೇಕು ಎಂಬುದನ್ನು ನಡುವಿನ ಪದರ ನೋಡಿಕೊಳ್ಳುತ್ತದೆ. ಹಾಗಾದರೆ ಭದ್ರತೆಯನ್ನೂ ಅದೇ ನೋಡಿಕೊಳ್ಳಲಿ ಎಂಬುದು ಸಹಜ ಮುಂದಿನ ಹೆಜ್ಜೆ. ಕೀಲಿ ಕೊಡುವುದು, ಸಹಿ ಪರೀಕ್ಷಿಸುವುದು, ಯಾರು ಏನನ್ನು ಓದಬಹುದೆಂದು ನಿರ್ಧರಿಸುವುದು, ಅನುಮಾನ ಬಂದವನನ್ನು ಹೊರಗಿಡುವುದು ಎಲ್ಲ ಒಂದು ಕಡೆ. 2005ರ ಸುಮಾರಿಗೆ ಇದರ ಮೇಲೆ ಪ್ರಬಂಧಗಳು ಆಷಾಢದ ಅಣಬೆಯಂತೆ ಏಳುತ್ತಿದ್ದವು, ನಾನೂ ಒಂದು ಬುಟ್ಟಿ ಕೊಯ್ದು ಸೆಮಿನಾರು ಮಾಡಿದ್ದೆ.

ಆದರೆ ನಡುವಿನವನಿಗೆ ಒಂದು ತೊಡಕಿದೆ. ಹತ್ತು ಮೋಟ್‌ಗಳ ಸರಾಸರಿಯನ್ನು ದಾರಿಯಲ್ಲೇ ಲೆಕ್ಕ ಹಾಕಿ ಒಂದೇ ಸಂದೇಶವಾಗಿ ಕಳಿಸಿದರೆ ಬ್ಯಾಟರಿ ಉಳಿಯುತ್ತದೆ. ಸರಾಸರಿ ಮಾಡಬೇಕಾದರೆ ಸಾಮಾನ್ಯವಾಗಿ ಒಳಗಿನ ಅಂಕಿ ಕಾಣಬೇಕು. ಅಡಿಕೆ ವಿಂಗಡಿಸುವವನು ಚೀಲ ಬಿಚ್ಚಲೇಬೇಕು ಎಂಬ ಹಾಗೆ. ಚೀಲ ಬಿಚ್ಚಿದವನ ಕೈ ಒಳಗೆ ಹೋದ ಮೇಲೆ ಬಾಯಿಗೆ ಹಾಕಿದ ಮುದ್ರೆಗೆ ಬೆಲೆಯಿಲ್ಲ. ಭದ್ರತೆಯನ್ನು ನಡುವಿಗೆ ಒಯ್ದಾಗ ಅಪನಂಬಿಕೆ ಕರಗುವುದಿಲ್ಲ. ಅದು ನೂರು ಕಡೆ ಚದುರಿದ್ದದ್ದು ಒಂದು ಕಡೆ ಸೇರುತ್ತದೆ, ಅಷ್ಟೆ. ಆ ಒಂದು ಕಡೆ ಕೂತಿರುವವರು ಯಾರು?

ಕರ್ನಾಟಕದಲ್ಲಿ ಈ ಜಾಲಗಳು ಮೊದಲ ದಿನಗಳಲ್ಲೇ ಹೊಲಕ್ಕಿಳಿದದ್ದು ನಮ್ಮಂಥ ಮಳೆನಾಡಿನಲ್ಲಲ್ಲ, ಪಾವಗಡದಲ್ಲಿ. ತುಮಕೂರು ಜಿಲ್ಲೆಯ ಪಾವಗಡ ತಾಲೂಕಿನ ಚನ್ನಕೇಶವಪುರದಲ್ಲಿ, ಮಳೆಯನ್ನೇ ನಂಬಿದ ಶೇಂಗಾ ಹೊಲಗಳ ನಡುವೆ, ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಸ್ವಿಟ್ಜರ್‌ಲೆಂಡಿನ ಲೋಸಾನ್‌ನ ತಾಂತ್ರಿಕ ವಿಶ್ವವಿದ್ಯಾಲಯ ಸೇರಿ ‘ಕಾಮನ್‌ಸೆನ್ಸ್ ನೆಟ್’ ಎಂಬ ಯೋಜನೆ ನಡೆಸಿದವು. ಎಚ್.ಎಸ್. ಜಮದಗ್ನಿ, ಟಿ.ವಿ. ಪ್ರಭಾಕರ್, ಶೇಷಗಿರಿ ರಾವ್, ಜಾಕ್ ಪಂಶಾರ್, ಜಾನ್-ಪಿಯರ್ ಹೂಬೋ ಅವರ ಹೆಸರಿನಲ್ಲಿ ಅದರ ಪ್ರಬಂಧ 2007ರಲ್ಲಿ ಬಂತು. ಒಬ್ಬ ರೈತನ ಹೊಲದ ಮಣ್ಣಿನಲ್ಲಿ ಎಷ್ಟು ಪಸೆ ಉಳಿದಿದೆ, ಮುಂದಿನ ಮಳೆಯವರೆಗೆ ಬೆಳೆ ತಾಳುತ್ತದೆಯೇ, ಯಾವಾಗ ಬಿತ್ತಬೇಕು ಎಂಬ ಪ್ರಶ್ನೆಗಳಿಗೆ ಮೋಟ್‌ಗಳಿಂದ ಉತ್ತರ ಹುಡುಕುವುದು ಗುರಿ. ಶುರುವಿನಲ್ಲೇ ಹಳ್ಳಿಯ ರೈತರನ್ನು ಕೂರಿಸಿಕೊಂಡು ನಿಮಗೆ ಏನು ಗೊತ್ತಾಗಬೇಕು ಎಂದು ವಿಚಾರಿಸಿದ್ದರು. ಆ ಕಾಲಕ್ಕೆ ಅದು ಅಪರೂಪ.

ಇವರಲ್ಲಿ ಹೂಬೋ ನಿಸ್ತಂತು ಜಾಲಗಳ ಭದ್ರತೆಯಲ್ಲಿ ಜಗತ್ತಿನ ದೊಡ್ಡ ಹೆಸರುಗಳಲ್ಲೊಬ್ಬರು. ಲೆವೆಂಟೆ ಬುಟ್ಟ್ಯಾನ್ ಜೊತೆ ಅವರು ಬರೆದ ಪುಸ್ತಕದ ಹೆಸರೇ ಭದ್ರತೆ ಮತ್ತು ಸಹಕಾರದ ಕುರಿತದ್ದು. ಅಂಥವರ ಯೋಜನೆಯಲ್ಲಿ ನಾನು ಮೊದಲು ಹುಡುಕಿದ್ದು ಕೀಲಿ, ಸಹಿ, ಆಕ್ರಮಣಗಳನ್ನು. ಕಂಡದ್ದು ಬ್ಯಾಟರಿ, ರೇಡಿಯೋದ ದೂರ, ಬಿಸಿಲು ಮಳೆ ತಡೆಯುವ ಪೆಟ್ಟಿಗೆ ಮತ್ತು ರೈತನಿಗೆ ಈ ಅಂಕಿಯಿಂದ ಏನು ಉಪಯೋಗ ಎಂಬ ಚರ್ಚೆ. ಆಗ ನನಗೆ ನಿರಾಸೆಯಾಗಿತ್ತು. ಈಗ ಹಾಗನ್ನಿಸುವುದಿಲ್ಲ. ಪಾವಗಡದ ಮಣ್ಣಿನ ತೇವವನ್ನು ಸುಳ್ಳು ಮಾಡಿ ಯಾರಿಗೇನು ಲಾಭ? ಆ ಅಂಕಿಯ ಮೇಲೆ ಯಾರ ದುಡ್ಡೂ ನಿಂತಿರಲಿಲ್ಲ. ಕಳ್ಳನಿಗೆ ಬೇಕಾದದ್ದು ಅಂಕಿಯಲ್ಲ, ಪೆಟ್ಟಿಗೆಯೇ.

ಅಂಕಿಯ ಮೇಲೆ ದುಡ್ಡು ನಿಂತದ್ದು ಆಮೇಲೆ. ಹವಾಮಾನ ಆಧಾರಿತ ಬೆಳೆ ವಿಮೆ ಪ್ರಾಯೋಗಿಕವಾಗಿ 2007ರ ಮುಂಗಾರಿನಲ್ಲಿ ಕರ್ನಾಟಕದಲ್ಲಿ ಶುರುವಾಯಿತು. 2016ರಲ್ಲಿ ಅದನ್ನು ಪುನರ್ರಚಿಸಿದರು. ನಮ್ಮ ಜಿಲ್ಲೆಯಲ್ಲಿ ಅಡಿಕೆಗೂ ಕಾಳುಮೆಣಸಿಗೂ ಇದೇ ವಿಮೆ. ಇದರಲ್ಲಿ ಯಾರೂ ಬಂದು ಉದುರಿದ ಕಾಯಿ ಎಣಿಸುವುದಿಲ್ಲ. ನಿಗದಿ ಮಾಡಿದ ಮಾಪನದಲ್ಲಿ ಮಳೆ, ಉಷ್ಣ, ತೇವ ಎಷ್ಟೆಂದು ದಾಖಲಾಯಿತೋ ಅದರ ಮೇಲೆ ಪರಿಹಾರ. 1988ರಲ್ಲಿ ಬರ ನಿಗಾ ಘಟಕವಾಗಿ ಹುಟ್ಟಿದ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಇಂದು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕಗಳನ್ನು ನಡೆಸುತ್ತದೆ. ಸೌರಶಕ್ತಿಯಿಂದ ಓಡುವ, ಮೊಬೈಲ್ ಜಾಲದ ಮೂಲಕ ತಾವೇ ವರದಿ ಕಳಿಸುವ ಯಂತ್ರಗಳು. ದೇಶದಲ್ಲಿ ಇಷ್ಟು ಒತ್ತಾದ ಜಾಲ ಕಡಿಮೆ, ಇದರ ಬಗ್ಗೆ ನನಗೆ ಹೆಮ್ಮೆಯೇ ಇದೆ. ಆದರೆ ಸೋಂದಾದ ಒಂದು ಕಂಬದ ಮೇಲಿನ ಬುಟ್ಟಿ ಈಗ ಬರೀ ಹವಾಮಾನದ ಯಂತ್ರವಲ್ಲ. ಅದು ಊರಿನ ಲೆಕ್ಕಬರಹ.

ಆ ಬುಟ್ಟಿಯ ಒಳಗೇನಿರುತ್ತದೆ ಎಂದು ಹೆಚ್ಚಿನವರು ನೋಡಿರುವುದಿಲ್ಲ. ಸಾಮಾನ್ಯವಾದ ಮಾದರಿಯಲ್ಲಿ ಮೇಲೊಂದು ಆಲಿಕೆ, ಕೆಳಗೆ ತಕ್ಕಡಿಯಂತೆ ಆಡುವ ಎರಡು ಪುಟ್ಟ ಸೌಟು. ಒಂದು ತುಂಬಿದಾಗ ಮಗುಚುತ್ತದೆ, ಇನ್ನೊಂದು ಆಲಿಕೆಯ ಕೆಳಗೆ ಬರುತ್ತದೆ. ಮಗುಚಿದಾಗೆಲ್ಲ ಅಯಸ್ಕಾಂತವೊಂದು ಸ್ವಿಚ್ಚನ್ನು ತಾಗಿ ಒಂದು ಎಣಿಕೆ. ಎಣಿಕೆಯನ್ನು ಗುಣಿಸಿದರೆ ಮಳೆ. ನಮ್ಮ ಖಾಸಗಿ ಪೆಟ್ಟಿಗೆಯಲ್ಲೂ ಇದೇ. ಆಶ್ಲೇಷಾದ ಆ ಸಂಜೆ ಏಣಿ ಹಾಕಿ ಮುಚ್ಚಳ ಬಿಚ್ಚಿದರೆ, ಆಲಿಕೆಯ ಕುತ್ತಿಗೆಯಲ್ಲಿ ಒಂದು ಹಲಸಿನ ಎಲೆಯ ತುಂಡು, ಅದರ ಹಿಂದೆ ಇರುವೆ ಕಟ್ಟಿದ ಮಣ್ಣು. ನೀರು ಅಂಚಿನ ಮೇಲಿಂದ ಚೆಲ್ಲಿ ಹೋಗುತ್ತಿತ್ತು. ಸೌಟುಗಳು ಒಣಗಿ ಕೂತಿದ್ದವು. ಪೆಟ್ಟಿಗೆ ಮಾತ್ರ ಪ್ರಾಮಾಣಿಕವಾಗಿ ಸೊನ್ನೆಯನ್ನು ಬರೆದು, ಗುಪ್ತಲಿಪಿಗೆ ತಿರುಗಿಸಿ, ಸಹಿ ಹಾಕಿ, ಕಳಿಸುತ್ತಿತ್ತು. ನಾನು 2005ರಲ್ಲಿ ಕಲಿತ ಯಾವ ಪರೀಕ್ಷೆಯಲ್ಲೂ ಆ ಸೊನ್ನೆ ನಪಾಸಾಗುತ್ತಿರಲಿಲ್ಲ. ಕಳಿಸಿದವನು ಸರಿ, ದಾರಿಯಲ್ಲಿ ಯಾರೂ ಮುಟ್ಟಿಲ್ಲ, ಹಳೆಯದನ್ನು ಮತ್ತೆ ಕಳಿಸಿಲ್ಲ. ಆದರೆ ಸುಳ್ಳು.

ಇಂಥ ಸೊನ್ನೆಯನ್ನು ಹಿಡಿಯಬಲ್ಲದ್ದು ನಡುವಿನ ಪದರ ಮಾತ್ರ, ಯಾಕೆಂದರೆ ಪಕ್ಕದ ತೋಟದ ಅಂಕಿ ಕಾಣುವುದು ಅದಕ್ಕೆ ಮಾತ್ರ. ಟೈನಿಸೆಕ್‌ನ ವ್ಯಾಗ್ನರ್ ಅವರೇ 2004ರಲ್ಲಿ ಇನ್ನೊಂದು ಪ್ರಬಂಧದಲ್ಲಿ ಇದನ್ನು ಎತ್ತಿಕೊಂಡರು. ಕೆಲವು ಸಾಕ್ಷಿಗಳು ಸುಳ್ಳಾಡುತ್ತವೆ ಎಂದೇ ಇಟ್ಟುಕೊಂಡು ಲೆಕ್ಕ ಹಾಕುವುದು ಹೇಗೆ? ಐದು ತೋಟಗಳ ಮಳೆ 62, 58, 65, 60 ಮತ್ತು ಸೊನ್ನೆ ಎನ್ನಿ. ಸರಾಸರಿ 49ಕ್ಕೆ ಇಳಿಯುತ್ತದೆ. ಸೊನ್ನೆಯ ಬದಲು ಯಾರೋ 5000 ಎಂದು ತೂರಿಸಿದರೆ ಸರಾಸರಿ 1049. ಒಬ್ಬನೇ ಸುಳ್ಳುಗಾರ ಎಷ್ಟು ಬೇಕಾದರೂ ಎಳೆಯಬಲ್ಲ. ಅದರ ಬದಲು ಅಂಕಿಗಳನ್ನು ಸಾಲಾಗಿ ನಿಲ್ಲಿಸಿ ನಡುವಿನದನ್ನು ತೆಗೆದುಕೊಂಡರೆ ಮೊದಲ ಸಲ 60, ಎರಡನೇ ಸಲ 62. ಅರ್ಧದಷ್ಟು ಜನ ಸುಳ್ಳಾಡುವವರೆಗೆ ನಡುವಿನ ಅಂಕಿಯನ್ನು ಮನಬಂದಷ್ಟು ಎಳೆಯಲಾಗುವುದಿಲ್ಲ. ಪಂಚಾಯ್ತಿಕಟ್ಟೆಯ ನ್ಯಾಯದಂತೆ ಕಾಣುವ ಈ ಲೆಕ್ಕ ನನಗೆ ಬಹಳ ಹಿಡಿಸಿತು, ನೀಲ್ಕುಂದದ ನೆನಪಾಗುವವರೆಗೆ.

ನೀಲ್ಕುಂದ ಇರುವುದು ಸಿದ್ದಾಪುರ ತಾಲೂಕಿನ ಘಟ್ಟದ ಅಂಚಿನಲ್ಲಿ. ಅಲ್ಲಿ ಬೀಳುವ ಮಳೆಗೂ ಶಿರಸಿ ತಾಲೂಕಿನ ಇನ್ನೊಂದು ತುದಿಯ ಬನವಾಸಿಯ ಮಳೆಗೂ ಸಂಬಂಧವೇ ಇಲ್ಲ. ನಡುವೆ ಇರುವುದು ಒಂದು ಬಸ್ಸಿನ ಅರ್ಧ ದಿನದ ದಾರಿಯೂ ಅಲ್ಲ. ನಮ್ಮಲ್ಲಿ ಒಂದು ಗುಡ್ಡದ ಈ ಮಗ್ಗುಲು ಹೊಳವಾಗಿದ್ದಾಗ ಆ ಮಗ್ಗುಲಲ್ಲಿ ಹೊಯ್ಯುತ್ತಿರುತ್ತದೆ. ನೆರೆಹೊರೆಯವರಿಗಿಂತ ಬೇರೆ ಹೇಳಿದವನು ಸುಳ್ಳುಗಾರ ಎಂಬ ನಿಯಮವನ್ನು ಬಯಲುಸೀಮೆಯಲ್ಲಿ ಕೂತು ಬರೆದರೆ, ನೀಲ್ಕುಂದ ಪ್ರತಿ ಆಷಾಢವೂ ಸುಳ್ಳುಗಾರನಾಗುತ್ತದೆ. ಮಿಡ್ಲ್‌ವೇರಿಗೆ ಗುಡ್ಡ ಗೊತ್ತಿರಬೇಕು. ಗುಡ್ಡ ಗೊತ್ತಿರುವವನು ಅದನ್ನು ಬರೆಯುವವರ ಕೋಣೆಯಲ್ಲಿರುವುದು ಕಡಿಮೆ. ಮಳೆಮಾಪಕ ಕೆಟ್ಟಿತ್ತು, ಅಂಕಿ ಸರಿಯಿಲ್ಲ, ಪರಿಹಾರ ಬರಲಿಲ್ಲ ಎಂಬ ದೂರುಗಳು ನಮ್ಮ ಜಿಲ್ಲೆಯ ಪತ್ರಿಕೆ ಓದುವವರಿಗೆ ಹೊಸತಲ್ಲ. ಅವುಗಳಲ್ಲಿ ಯಾವುದು ನಿಜ ಎಂದು ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಆದರೆ ಗಮನಿಸಿ, ರೈತ ಇಂಥ ಕಡೆ ವಾದಿಸುವುದು ವಿಮೆಯವನ ಜೊತೆಗಲ್ಲ. ಒಂದು ಅಂಕಿಯ ಜೊತೆ.

ಕಾವಲಿಲ್ಲದ ನಡುಪದರ ಎಂದರೇನು ಎಂಬುದನ್ನೂ ನಾನು ಮನೆಯಲ್ಲೇ ನೋಡಿದ್ದೇನೆ. ಮೊಬೈಲಿನಿಂದ ಪಂಪು ಚಾಲೂ ಮಾಡುವ ಒಂದು ಸ್ಟಾರ್ಟರ್ ಹಾಕಿಸಿದ್ದೆವು. ಒಳಗೊಂದು ಸಿಮ್, ಆ ನಂಬರಿಗೆ ಕರೆ ಹೋದರೆ ಪಂಪು ಓಡುತ್ತದೆ. ಯಾರ ಕರೆ ಎಂದು ಅದು ಕೇಳುತ್ತಿರಲಿಲ್ಲ. ಆ ನಂಬರು ಮೊದಲು ಬೇರೆ ಯಾರದೋ ಆಗಿತ್ತು. ಹಳೆಯ ಗೆಳೆಯನನ್ನು ಹುಡುಕಿಕೊಂಡು ಯಾರೋ ಒಬ್ಬ ಪುಣ್ಯಾತ್ಮ ರಾತ್ರಿ ಹನ್ನೊಂದಕ್ಕೆ ಕರೆ ಮಾಡುತ್ತಿದ್ದ, ನಮ್ಮ ಕೆಳಗಿನ ಬಣ್ಣಕ್ಕೆ ನೀರು ಹೋಗುತ್ತಿತ್ತು. ಮೂರು ರಾತ್ರಿ ಭೂತ ಎಂದೇ ಮಾತಾಯಿತು. ಪೆಟ್ಟಿಗೆಯ ಕಂಪನಿಯ ಆ್ಯಪ್‌ನಲ್ಲೂ ಇಂಥದೇ ಒಂದು ಕಂಡಿ ಇತ್ತು. ವಿಳಾಸದ ಕೊನೆಯ ಸಂಖ್ಯೆ ಒಂದು ಹೆಚ್ಚಿಸಿದರೆ ಇನ್ನೊಬ್ಬರ ತೋಟದ ಮಣ್ಣಿನ ತೇವ ಕಾಣುತ್ತಿತ್ತು. ಯಾರ ತೋಟಕ್ಕೆ ಯಾವಾಗ ನೀರು, ಯಾವಾಗ ಅಲ್ಲಿ ಯಾರೂ ಇಲ್ಲ ಎಂದು ಅದರಿಂದ ಊಹಿಸಬಹುದು. ಪತ್ರ ಬರೆದೆ. ಸರಿಪಡಿಸಿದರು, ಸ್ವಲ್ಪ ನಿಧಾನವಾಗಿ. ಸೆನ್ಸರಿನಿಂದ ಸರ್ವರಿನವರೆಗಿನ ದಾರಿಗೆ ಹಾಕಿದ ಬೀಗ ಒಳ್ಳೆಯದೇ ಆಗಿತ್ತು. ಹಿತ್ತಿಲ ಬಾಗಿಲಿಗೆ ಅಗುಳಿ ಇರಲಿಲ್ಲ.

ಆಲಿಕೆಯ ಕುತ್ತಿಗೆಯನ್ನು ತೆಂಗಿನ ಕಡ್ಡಿಯಿಂದ ತೂರಿ ಸ್ವಚ್ಛ ಮಾಡಿ ಮುಚ್ಚಳ ಹಾಕಿದೆ. ದೊಡ್ಡಪ್ಪ ಕೆಳಗೆ ಏಣಿ ಹಿಡಿದು ನಿಂತಿದ್ದರು. ಮೊಬೈಲಿನ ಪಟ್ಟಿಯಲ್ಲಿ ಆ ಮೂರು ದಿನದ ಅಂಕಿಗಳನ್ನು ತಿದ್ದಲು ಜಾಗವಿಲ್ಲ. ಇರಬಾರದು ಕೂಡ, ಇದ್ದರೆ ಯಾರು ಬೇಕಾದರೂ ತಿದ್ದಿಯಾರು. ಹಾಗಾಗಿ ಅವು ಇಂದಿಗೂ ನಾಲ್ಕು, ಸೊನ್ನೆ, ಸೊನ್ನೆ ಎಂದೇ ಇವೆ. ಮರುದಿನದಿಂದ ಅಂಗಳದ ಬಯಲಲ್ಲಿ ನೇರ ಬದಿಯ ಒಂದು ಡಬ್ಬಿ ಇಟ್ಟು, ಬೆಳಿಗ್ಗೆ ಎಂಟೂವರೆಗೆ ಅಳತೆಪಟ್ಟಿ ಅದ್ದಿ ನೋಡಿ, ಅಜ್ಜನ ಹಾಗೆ ಪಂಚಾಂಗದ ಅಂಚಿನಲ್ಲಿ ಬರೆದಿಡುತ್ತಿದ್ದೇನೆ. ಪಕ್ಕದಲ್ಲಿ ಪೆಟ್ಟಿಗೆಯ ಅಂಕಿ. ಮೊನ್ನೆ ಡಬ್ಬಿ 64, ಪೆಟ್ಟಿಗೆ 61. ನಿನ್ನೆ ಡಬ್ಬಿ 38, ಪೆಟ್ಟಿಗೆ 37. ಇವತ್ತು ಡಬ್ಬಿಯನ್ನು ನಾಯಿ ಉರುಳಿಸಿದೆ. ಪೆಟ್ಟಿಗೆ 52 ಎನ್ನುತ್ತಿದೆ.